ಹೊಟ್ಟೆಯ ಬ್ಯಾಂಡ್ ಜಾರಿದ ಮೇಲೆ: ಒಂದು ಆಪ್ತಸಲಹೆ ಪ್ರಕರಣ

ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುವ, ನಲವತ್ತರ ಆಸುಪಾಸಿನ ಶಿಕ್ಷಕಿಯೊಬ್ಬರನ್ನು ಮೈಸೂರಿನ ಸರ್ಜನ್ ಒಬ್ಬರು ನನ್ನ ಬಳಿಗೆ ಕಳುಹಿಸಿದ್ದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ಶಿಕ್ಷಕಿ ಎಂದಷ್ಟೇ ಕರೆಯುತ್ತೇನೆ. ಹತ್ತು ವರ್ಷಗಳಿಗೂ ಹಿಂದೆ ತೂಕ ಇಳಿಸುವುದಕ್ಕೆಂದು ಬೆಂಗಳೂರಿನಲ್ಲಿ ಅವರ ಜಠರಕ್ಕೆ ಬ್ಯಾಂಡ್ ಹಾಕಲಾಗಿತ್ತು. ಈಗ ಅದು ಜಾಗ ಬಿಟ್ಟು ಜಾರಿದೆ, ತೆಗೆಯಲೇಬೇಕು, ತೆಗೆದ ಮೇಲೆ ಬೈಪಾಸ್ (ಜಠರವನ್ನು ಪುಟ್ಟ ಚೀಲವಾಗಿಸಿ ಕರುಳಿಗೆ ನೇರ ಜೋಡಿಸುವ ಶಸ್ತ್ರಚಿಕಿತ್ಸೆ) ಮಾಡಬಹುದು ಎಂಬುದು ಸರ್ಜನ್ ಅವರ ಅಭಿಪ್ರಾಯವಾಗಿತ್ತು. ತೂಕದ ಶಸ್ತ್ರಚಿಕಿತ್ಸೆಗೆ, ಅದರಲ್ಲೂ ಎರಡನೆಯ ಬಾರಿಯದಕ್ಕೆ, ಮುನ್ನ ಮಾನಸಿಕ ಸಿದ್ಧತೆಯನ್ನು ನೋಡುವುದು ವಾಡಿಕೆ. ಶಿಕ್ಷಕಿಗೆ ವಾಂತಿಯೂ ಆಗುತ್ತಿತ್ತು. ಸರ್ಜನ್ ತಮ್ಮ ಚೀಟಿಯಲ್ಲಿ ಕೇಳಿದ್ದ ಪ್ರಶ್ನೆ ಚಿಕ್ಕದು: ಈ ವಾಂತಿ ಬ್ಯಾಂಡ್‌ನಿಂದಲೋ, ತಿನ್ನುವ ರೀತಿಯಿಂದಲೋ?

ಈ ಬ್ಯಾಂಡ್ ಸಿಲಿಕೋನ್‌ನ ಒಂದು ಉಂಗುರ. ಅನ್ನನಾಳ ಬಂದು ಸೇರುವ ಜಾಗದ ಸ್ವಲ್ಪ ಕೆಳಗೆ ಜಠರಕ್ಕೆ ಅದನ್ನು ಸುತ್ತಿದಾಗ, ಮೇಲ್ಗಡೆ ಸುಮಾರು 15ರಿಂದ 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಉಳಿಯುತ್ತದೆ. ಉಂಗುರದ ಒಳಮೈಯ ಬಲೂನಿಗೆ ಸಲೈನ್ ತುಂಬಿ ಬಿಗಿ ಮಾಡುವುದಕ್ಕೂ ತೆಗೆದು ಸಡಿಲಿಸುವುದಕ್ಕೂ ಹೊಟ್ಟೆಯ ಚರ್ಮದ ಕೆಳಗೆ, ಕೊಳವೆಯಿಂದ ಅದಕ್ಕೆ ಸೇರಿಸಿದ ಒಂದು ಪೋರ್ಟ್ (ಸೂಜಿ ಚುಚ್ಚುವ ಪುಟ್ಟ ಡಬ್ಬಿ) ಇರಿಸಿರುತ್ತಾರೆ. 1990ರ ದಶಕದಲ್ಲಿ ಯುರೋಪಿನಲ್ಲಿ ಆರಂಭವಾಗಿ, 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿಯನ್ನೂ ಪಡೆದ ಈ ವಿಧಾನ ಒಂದು ಕಾಲಕ್ಕೆ ಬಹಳ ನಡೆಯಿತು. ಜಠರವನ್ನು ಕತ್ತರಿಸುವುದಿಲ್ಲ, ಬೇಡವೆನಿಸಿದರೆ ತೆಗೆಯಬಹುದು ಎಂಬುದೇ ಅದರ ಆಕರ್ಷಣೆಯಾಗಿತ್ತು. ವರ್ಷಗಳು ಉರುಳಿದಂತೆ ಬ್ಯಾಂಡ್ ಜಾರುವುದು, ಜಠರದ ಗೋಡೆಯನ್ನು ಕೊರೆದು ಒಳಸೇರುವುದು, ಕೊಳವೆ ಸೋರುವುದು, ಪೋರ್ಟ್‌ಗೆ ಸೋಂಕು ತಗಲುವುದು, ಅನ್ನನಾಳ ಹಿಗ್ಗುವುದು ಇವೆಲ್ಲ ಕಾಣಿಸಿಕೊಂಡು, ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಗಣನೀಯ ಸಂಖ್ಯೆಯವರು ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಈಗ ಅದರ ಜಾಗಕ್ಕೆ ಸ್ಲೀವ್ (ಜಠರದ ಹೆಚ್ಚಿನ ಭಾಗವನ್ನು ಕತ್ತರಿಸಿ ತೆಗೆದು ಕೊಳವೆಯಂತೆ ಉಳಿಸುವುದು) ಮತ್ತು ಬೈಪಾಸ್ ಬಂದಿವೆ.

ಶಿಕ್ಷಕಿಯ ತೂಕ ಮೊದಲೆರಡು ವರ್ಷಗಳಲ್ಲಿ 104 ಕಿಲೋದಿಂದ 76ಕ್ಕೆ ಇಳಿದಿತ್ತು, ಸಕ್ಕರೆ ಕಾಯಿಲೆಯ ಮಾತ್ರೆಗಳೂ ಕಡಿಮೆಯಾಗಿದ್ದವು. ಬ್ಯಾಂಡ್ ಟೈಟ್ ಮಾಡಿಸಿಕೊಳ್ಳಲು ಬೆಂಗಳೂರಿಗೆ ಹೋಗಿಬರುವುದು ಶಾಲೆಯ ರಜೆ, ಮಕ್ಕಳ ಪರೀಕ್ಷೆ, ಮಾವನವರ ಕಾಯಿಲೆಗಳ ನಡುವೆ ಕ್ರಮೇಣ ನಿಂತುಹೋಯಿತು. ಕೊನೆಯ ಸಲ ಬಿಗಿ ಮಾಡಿದಾಗಿನಿಂದ ಊಟ ಇಳಿಯುವುದು ಕಷ್ಟವಾಗಿದ್ದರೂ, ಬಿಗಿಯಾಗಿದ್ದಷ್ಟೂ ಒಳ್ಳೆಯದು ಎಂದು ಅವರು ಭಾವಿಸಿದ್ದರು. ವಾಂತಿಯನ್ನು ಅವರು ತೊಂದರೆ ಎಂದುಕೊಳ್ಳಲಿಲ್ಲ, ತೆರಬೇಕಾದ ದಂಡ ಎಂದುಕೊಂಡರು. ನನ್ನ ಅನುಭವದಲ್ಲಿ ಈ ಶಸ್ತ್ರಚಿಕಿತ್ಸೆಯ ಬಹುತೇಕ ಸಂಕಟಗಳು ಉಲ್ಬಣಿಸುವುದು ಇಲ್ಲಿಂದಲೇ.

ಮಂಡ್ಯದ ಊಟಕ್ಕೂ ಬ್ಯಾಂಡ್‌ಗೂ ಹೊಂದಾಣಿಕೆ ಇಲ್ಲವೆಂಬುದನ್ನು ಆಗ ಯಾರೂ ಅವರಿಗೆ ಬಿಡಿಸಿ ಹೇಳಿದಂತಿಲ್ಲ. ಬ್ಯಾಂಡ್ ಇರುವವರು ಪ್ರತಿ ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯಬೇಕು. ಮುದ್ದೆಯನ್ನೋ ಉಪ್ಸಾರಿನಲ್ಲಿ ಅದ್ದಿ ಹಾಗೆಯೇ ನುಂಗುತ್ತಾರೆ. ಮುದ್ದೆ ಅಗಿಯುವವರನ್ನು ಕಂಡರೆ ಆ ಕಡೆಯ ಮನೆಗಳಲ್ಲಿ ನಗುತ್ತಾರೆ. "ಎದೇಲಿ ಕಟ್ಕೊಂಡ್‌ಬುಡುತ್ತೆ ಮೇಡಂ, ನೀರೂ ಇಳಿಯಲ್ಲ, ಮೇಲಕ್ಕೆ ಬರೋವರೆಗೂ ಸಮಾಧಾನ ಇಲ್ಲ" ಎಂದು ಶಿಕ್ಷಕಿ ಹೇಳಿದರು. ಹಿತ್ತಲಿನ ಬಚ್ಚಲಿಗೆ ಹೋಗಿ, ಸದ್ದು ಕೇಳಬಾರದೆಂದು ಹಿತ್ತಾಳೆ ಹಂಡೆಗೆ ನಲ್ಲಿ ತಿರುಗಿಸಿಟ್ಟು ವಾಂತಿ ಮಾಡಿಕೊಂಡು, ಬಾಯಿಗೆ ಒಂದು ಏಲಕ್ಕಿ ಹಾಕಿಕೊಂಡು ಬಂದು ಮತ್ತೆ ಪಂಕ್ತಿಯಲ್ಲಿ ಕೂರುವುದನ್ನು ಅವರು ರೂಢಿಸಿಕೊಂಡಿದ್ದರು. ಬೀಗರೂಟಗಳಲ್ಲಿ ಬಡಿಸಿದ ಮಾಂಸದ ತುಂಡುಗಳನ್ನು ಎಲೆಯ ತುದಿಗೆ ಸರಿಸಿ, ಎಲೆ ಮಡಿಸುವಾಗ ಒಳಗೆ ಸೇರಿಸಿಬಿಡುತ್ತಿದ್ದರು. ಆದರೆ ಗಂಡನ ಆಲೆಮನೆಯಲ್ಲಿ ಕಬ್ಬಿನ ಹಾಲಿಗೂ ಕೊಪ್ಪರಿಗೆಯಿಂದ ಆಗತಾನೆ ಇಳಿಸಿದ ಬಿಸಿ ಬೆಲ್ಲಕ್ಕೂ ಬರವಿರಲಿಲ್ಲ. ಅವು ಬ್ಯಾಂಡ್‌ನ ಇಕ್ಕಟ್ಟಿನಲ್ಲಿ ಸಲೀಸಾಗಿ ಇಳಿಯುತ್ತಿದ್ದವು. ಹೀಗೆ ಮುದ್ದೆ, ಸೊಪ್ಪು, ಕಾಳು ಹೊರಗೆ ಉಳಿದು ಸಕ್ಕರೆಯಷ್ಟೇ ಒಳಗೆ ಸೇರಿ, ತೂಕ 89 ಕಿಲೋಗೆ ಏರಿತ್ತು, ರಕ್ತದ ಸಕ್ಕರೆಯೂ ಹತೋಟಿ ತಪ್ಪಿತ್ತು. ಗಟ್ಟಿ ಆಹಾರ ಇಳಿಯದವರು ಮೆತ್ತನೆಯ, ಸಿಹಿಯಾದ ಆಹಾರಕ್ಕೆ ಜಾರುವುದು ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಎಲ್ಲೆಡೆ ಕಂಡುಬಂದಿರುವ ಸಂಗತಿಯೇ ಹೊರತು ಇವರೊಬ್ಬರ ಚಪಲವಲ್ಲ.

ಮೊದಲ ಭೇಟಿಯ ಕೊನೆಯಲ್ಲಿ, ನಾನು ಕೇಳದಿದ್ದರೂ, ಅವರು ಒಂದು ಮಾತು ಹೇಳಿದರು: ಈಚೆಗೆ ಕರಿಹಲಗೆಯ ಮೇಲೆ ತಾವೇ ಬರೆದ ಸಾಲು ಎರಡೆರಡಾಗಿ ಕಾಣುತ್ತದೆ, ಮೆಟ್ಟಿಲಿಳಿಯುವಾಗ ಕಾಲು ತಪ್ಪುತ್ತದೆ, ಕನ್ನಡಕದ ನಂಬರ್ ಬದಲಾಗಿರಬೇಕು. ವಾರಗಟ್ಟಲೆ ದಿನವೂ ವಾಂತಿಯಾಗುತ್ತಿರುವವರ ಬಾಯಲ್ಲಿ ಈ ಮಾತು ಬಂದರೆ ಆಪ್ತಸಲಹೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಬಿ1 ಜೀವಸತ್ವ, ಅಂದರೆ ಥಯಮಿನ್, ದೇಹದಲ್ಲಿ ಕೆಲವೇ ವಾರಗಳಿಗೆ ಸಾಲುವಷ್ಟು ಮಾತ್ರ ದಾಸ್ತಾನಿರುತ್ತದೆ. ಅದು ಬರಿದಾದಾಗ ಎರಡೆರಡು ಕಾಣುವುದು, ನಡಿಗೆ ತೂರಾಡುವುದು, ಬುದ್ಧಿ ಮಂಕಾಗುವುದು ಶುರುವಾಗಿ, ತಡವಾದರೆ ಮಿದುಳಿಗೆ ಶಾಶ್ವತ ಹಾನಿಯಾಗುತ್ತದೆ. ಇಂಥ ಸ್ಥಿತಿಯಲ್ಲಿ ಥಯಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಅಪಾಯ ಹೆಚ್ಚುತ್ತದೆ. ಶಿಕ್ಷಕಿಯೋ ಸುಸ್ತಾದಾಗಲೆಲ್ಲ ಊರಿನ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಬರುತ್ತಿದ್ದರು. ನಾನು ಕೂಡಲೇ ಸರ್ಜನ್‌ಗೆ ಫೋನ್ ಮಾಡಿದೆ. ಅಂದೇ ಸಂಜೆ ಅವರನ್ನು ದಾಖಲಿಸಿಕೊಂಡು, ರಕ್ತನಾಳದ ಮೂಲಕ ಥಯಮಿನ್ ಕೊಟ್ಟು, ಪೋರ್ಟ್‌ನಿಂದ ಸಲೈನ್ ಪೂರ್ತಿ ಹೊರತೆಗೆದು ಬ್ಯಾಂಡ್ ಸಡಿಲಿಸಿದರು. ಕಣ್ಣಿನ ತೊಂದರೆ ಕೆಲವೇ ದಿನಗಳಲ್ಲಿ ಹೋಯಿತು, ನಡಿಗೆ ನಿಧಾನವಾಗಿ ಸರಿಹೋಯಿತು.

ಚೀಟಿಯ ಪ್ರಶ್ನೆಗೆ ಅರ್ಧ ಉತ್ತರವೂ ಅಲ್ಲೇ ಸಿಕ್ಕಿತು. ಬ್ಯಾಂಡ್ ಸಡಿಲವಾದ ಮೇಲೆ ವಾಂತಿ ನಿಂತುಹೋಯಿತು. ತೂಕ ಏರೀತೆಂಬ ಭಯದಿಂದ ಬೆರಳಿಟ್ಟು ವಾಂತಿ ಮಾಡಿಕೊಳ್ಳುವ ಕಾಯಿಲೆಗೂ, ಕಟ್ಟಿಕೊಂಡ ತುತ್ತನ್ನು ಹೊರಹಾಕಲು ಮಾಡಿಕೊಳ್ಳುವ ವಾಂತಿಗೂ ಹೊರನೋಟಕ್ಕೆ ವ್ಯತ್ಯಾಸ ಕಾಣದು. ಕೇಳಬೇಕಾದ ರೀತಿಯಲ್ಲಿ ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಇವರಿಗೆ ಇದ್ದದ್ದು ಎರಡನೆಯದು. ಆದರೆ ವಾಂತಿ ನಿಂತ ಮೇಲೂ ಸಂಜೆಯ ಬೆಲ್ಲ ನಿಲ್ಲಲಿಲ್ಲ. ಶಾಲೆಯಿಂದ ಬಂದು, ಮನೆಯವರಿಗೆ ಅಡುಗೆ ಮಾಡಿಟ್ಟು, ಯಾರೂ ಮಾತನಾಡಿಸದ ಆ ಅರ್ಧ ಗಂಟೆಯಲ್ಲಿ ತಿನ್ನುತ್ತಿದ್ದ ಬೆಲ್ಲ ಹಸಿವಿಗೆ ಸಂಬಂಧಿಸಿದ್ದಾಗಿರಲಿಲ್ಲ. ಬೈಪಾಸ್ ಇದನ್ನು ವಾಸಿ ಮಾಡುವುದಿಲ್ಲವೆಂದು ಅವರಿಗೆ ನೇರವಾಗಿಯೇ ಹೇಳಿದೆ. ಬೈಪಾಸ್ ಆದವರು ಬೆಲ್ಲ, ಸಕ್ಕರೆಗಳನ್ನು ಒಮ್ಮೆಗೇ ಹೆಚ್ಚು ತಿಂದರೆ ಎದೆ ಹೊಡೆದುಕೊಳ್ಳುವುದು, ಬೆವರು, ಹೊಟ್ಟೆನೋವು, ಭೇದಿ ಆಗುವುದುಂಟು. ಆ ಭಯ ಸ್ವಲ್ಪ ಕಾಲ ಕಾವಲು ನಿಲ್ಲಬಹುದು, ಆದರೆ ಆ ಅರ್ಧ ಗಂಟೆಗೆ ಬೇರೆ ಏರ್ಪಾಡಾಗದಿದ್ದರೆ ಹಳೆಯ ಚಾಳಿ ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ.

ಮುಂದಿನ ಭೇಟಿಗೆ ಗಂಡನನ್ನೂ ಕರೆತರಲು ಹೇಳಿದ್ದೆ. ಅವರು ಒಳ್ಳೆಯ ಮನುಷ್ಯ, ಆದರೆ ಬಂದು ಕುಳಿತೊಡನೆ ಹೇಳಿದ್ದು ಇದು: "ಅಷ್ಟು ದುಡ್ಡು ಸುರಿದು ಆಪರೇಷನ್ ಮಾಡಿಸ್ದೋ, ಇವಳು ಬಾಯಿ ಕಟ್ನಿಲ್ಲ ಮೇಡಂ." ಎರಡು ವರ್ಷದ ಕಬ್ಬಿನ ದುಡ್ಡು ಅದಕ್ಕೆ ಹೋಗಿತ್ತಂತೆ. ಶಿಕ್ಷಕಿ ತಲೆ ತಗ್ಗಿಸಿ, "ಅವರು ಹೇಳೋದು ಸರಿ" ಎಂದರು. ವೈದ್ಯರ ಮುಂದೆ ಅವರು ವಾಂತಿಯನ್ನು "ಆಗೊಮ್ಮೆ ಈಗೊಮ್ಮೆ" ಎಂದು ಮುಚ್ಚಿಟ್ಟಿದ್ದಕ್ಕೆ, ರಾತ್ರಿ ಮಲಗಿದರೆ ಹುಳಿನೀರು ಗಂಟಲಿಗೆ ಬರುವುದನ್ನು ಹೇಳದಿದ್ದುದಕ್ಕೆ, ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದುದನ್ನು ಬರೆಸದಿದ್ದುದಕ್ಕೆ ಇದೇ ಕಾರಣವಾಗಿತ್ತು. ತಪ್ಪು ತನ್ನದೆಂದು ಒಪ್ಪಿಕೊಂಡ ರೋಗಿ ಲಕ್ಷಣಗಳನ್ನು ಹೇಳುವುದಿಲ್ಲ, ಬಚ್ಚಿಡುತ್ತಾರೆ.

ದಂಪತಿ ಇಬ್ಬರಿಗೂ ನಾನು ಹೇಳಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಪದೇ ಪದೇ ವಾಂತಿಯಾದರೆ ಬ್ಯಾಂಡ್ ಜಾರುವ ಸಂಭವ ಹೆಚ್ಚುತ್ತದೆ ಎಂಬುದು ನಿಜ. ಆದರೆ ಅತಿಯಾಗಿ ಬಿಗಿದ ಬ್ಯಾಂಡ್‌ನಿಂದ ವಾಂತಿಯಾಗುತ್ತದೆ ಎಂಬುದೂ ಅಷ್ಟೇ ನಿಜ, ಮತ್ತು ಬಹಳ ಎಚ್ಚರದಿಂದ ಉಂಡವರಲ್ಲೂ ಬ್ಯಾಂಡ್ ಜಾರಿದೆ. ಇದರಲ್ಲಿ ಯಾರ ಪಾಲು ಎಷ್ಟೆಂದು ಲೆಕ್ಕ ಹಾಕುವ ಪಂಚಾಯಿತಿಯನ್ನು ಮನೆಯಲ್ಲಿ ನಡೆಸಬೇಡಿ, ಅದರಿಂದ ಚಿಕಿತ್ಸೆಗೆ ಯಾವ ಉಪಯೋಗವೂ ಇಲ್ಲ ಎಂದೆ. ಗಂಡನಿಗೆ ಪ್ರತ್ಯೇಕವಾಗಿ ಒಂದು ಕೆಲಸ ಒಪ್ಪಿಸಿದೆ: ಎಂಜಲನ್ನೂ ನುಂಗಲಾಗದ ಸ್ಥಿತಿ ಬಂದರೆ, ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದ ನೋವು ಬಂದರೆ, ಪೋರ್ಟ್ ಇರುವ ಕಡೆ ಚರ್ಮ ಕೆಂಪಾಗಿ ಊದಿಕೊಂಡರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಜಾರಿದ ಬ್ಯಾಂಡ್ ಜಠರದ ರಕ್ತಸಂಚಾರವನ್ನೇ ತಡೆಯಬಹುದು. ವರ್ಷಗಳ ನಂತರ ಪೋರ್ಟ್‌ಗೆ ಸೋಂಕು ತಗಲಿದರೆ, ಬ್ಯಾಂಡ್ ಜಠರವನ್ನು ಕೊರೆದಿರಬಹುದೆಂಬ ಅನುಮಾನಕ್ಕೆ ಅದು ಕಾರಣವಾಗುತ್ತದೆ. ಊದಿಕೊಂಡ ಜಾಗಕ್ಕೆ ಅರಿಶಿನ ಹಚ್ಚಿ ಸುಮ್ಮನಿರುವಂತಿಲ್ಲ.

ಶಿಕ್ಷಕಿಯ ಮನಸ್ಸಿನಲ್ಲಿದ್ದ ಆತುರ ಬೇರೆಯದು. ಬ್ಯಾಂಡ್ ತೆಗೆಯುವಾಗಲೇ ಬೈಪಾಸನ್ನೂ ಮಾಡಿ ಮುಗಿಸಬೇಕು, ಈ ಬಾರಿ ಎಲ್ಲರಿಗೂ ತಾನು ಏನೆಂದು ತೋರಿಸಬೇಕು ಎಂದು ಅವರು ಹಟ ಹಿಡಿದಿದ್ದರು. ಎರಡನ್ನೂ ಒಟ್ಟಿಗೆ ಮಾಡುವುದು ಕೆಲವರಿಗೆ ಸೂಕ್ತವೇ. ಆದರೆ ಬ್ಯಾಂಡ್ ಸುತ್ತ ಗಟ್ಟಿಯಾದ ಗಾಯದ ಅಂಗಾಂಶ ಇರುವುದರಿಂದ, ಮೊದಲ ಬಾರಿಯ ಶಸ್ತ್ರಚಿಕಿತ್ಸೆಗಿಂತ ಇದರಲ್ಲಿ ಹೊಲಿಗೆ ಸೋರುವಂಥ ತೊಡಕುಗಳ ಅಪಾಯ ಹೆಚ್ಚು. ಬ್ಯಾಂಡ್ ಜಠರದೊಳಗೆ ಕೊರೆದಿದ್ದರಂತೂ ಸಾಮಾನ್ಯವಾಗಿ ಮೊದಲು ಅದನ್ನು ತೆಗೆದು, ಗಾಯ ಮಾಯಲು ಕೆಲವು ತಿಂಗಳು ಬಿಟ್ಟು ಎರಡನೆಯದನ್ನು ಮಾಡುತ್ತಾರೆ. ಪ್ರಾಯಶ್ಚಿತ್ತಕ್ಕೆಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರು ಸರ್ಜನ್ ಹೇಳುವ ಅಪಾಯವನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದ್ದರಿಂದ ಎರಡನ್ನೂ ಬೇರೆ ಬೇರೆ ತೀರ್ಮಾನಗಳಾಗಿ ನೋಡಲು ಸೂಚಿಸಿದೆ: ಬ್ಯಾಂಡ್ ತೆಗೆಸುವುದು ಆರೋಗ್ಯಕ್ಕೆ ಅನಿವಾರ್ಯ, ಬೈಪಾಸ್ ಆಯ್ಕೆಗೆ ಬಿಟ್ಟದ್ದು. ಬ್ಯಾಂಡ್ ತೆಗೆಸಿ ಸುಮ್ಮನಾದರೆ ತೂಕ ಮರಳುವುದೇ ಹೆಚ್ಚು ಎಂಬುದನ್ನೂ ಮುಚ್ಚಿಡಲಿಲ್ಲ.

ಸರ್ಜನ್ ಬಳಿ ಕೇಳಬೇಕಾದ್ದನ್ನು ಅವರ ಕೈಯಲ್ಲೇ ಬರೆಸಿದೆ. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ ಮತ್ತು ಎಂಡೋಸ್ಕೋಪಿಯಲ್ಲಿ ಏನು ಕಂಡಿದೆ, ಅನ್ನನಾಳ ಹಿಗ್ಗಿದೆಯೇ, ಸ್ಲೀವ್ ಬದಲು ಬೈಪಾಸ್ ಏಕೆ, ಎರಡು ಹಂತವಾದರೆ ನಡುವೆ ಎಷ್ಟು ಕಾಲ, ಇಂಥ ಮರುಶಸ್ತ್ರಚಿಕಿತ್ಸೆಗಳನ್ನು ಅವರು ಎಷ್ಟರಮಟ್ಟಿಗೆ ಮಾಡುತ್ತಾರೆ. ಹುಳಿತೇಗು ತೀವ್ರವಾಗಿದ್ದವರಿಗೆ ಸ್ಲೀವ್ ಅದನ್ನು ಇನ್ನಷ್ಟು ಹೆಚ್ಚಿಸಬಹುದು, ಬೈಪಾಸ್ ತಗ್ಗಿಸುತ್ತದೆ. ರಾತ್ರಿಯ ಹುಳಿನೀರಿನ ಸಂಗತಿಯನ್ನು ಹೇಳಲೇಬೇಕಿತ್ತು ಎನ್ನುವುದು ಇದಕ್ಕೇ. ನೋವಿನ ಮಾತ್ರೆಯ ವಿಷಯವೂ ಹಾಗೆಯೇ: ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಬೈಪಾಸ್ ಆದವರ ಜಠರದ ಹೊಸ ಜೋಡಣೆಯಲ್ಲಿ ಹುಣ್ಣು ಮಾಡಬಹುದು, ಮಂಡಿಗೆ ಬೇರೆ ಉಪಾಯ ಮೊದಲೇ ಆಗಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ಬಿಡುವಂತಿಲ್ಲ. ಬೆಂಗಳೂರಿನ ಭೇಟಿಗಳು ತಪ್ಪಿದ ರೀತಿಯಲ್ಲಿ ಇದೂ ತಪ್ಪಬಾರದೆಂದು, ವರ್ಷಕ್ಕೊಮ್ಮೆಯ ರಕ್ತಪರೀಕ್ಷೆಯನ್ನು ಬೇಸಿಗೆ ರಜೆಗೆ ಕಟ್ಟಿಹಾಕಲು ಸೂಚಿಸಿದೆ.

ವಿಮೆಯ ಬಗ್ಗೆ ಗಂಡ ಕೇಳಿದರು. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಯಮದಂತೆ ಸ್ಥೂಲಕಾಯದ ಶಸ್ತ್ರಚಿಕಿತ್ಸೆಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 40 ಅಥವಾ ಅದಕ್ಕೂ ಹೆಚ್ಚು, ಇಲ್ಲವೇ ಕನಿಷ್ಠ 35ರ ಜೊತೆಗೆ ಹತೋಟಿಗೆ ಬಾರದ ಮಧುಮೇಹದಂಥ ತೀವ್ರ ಕಾಯಿಲೆ ಇರಬೇಕು. ಇವರ ಬಿಎಂಐ 36ರ ಮೇಲಿತ್ತು. ತೊಡಕಿಗಾಗಿ ಬ್ಯಾಂಡ್ ತೆಗೆಯುವುದಕ್ಕೂ ತೂಕಕ್ಕಾಗಿ ಬೈಪಾಸ್ ಮಾಡುವುದಕ್ಕೂ ಬೇರೆ ಬೇರೆ ಪತ್ರ ಬರೆಸಿಕೊಂಡು, ಕಂಪನಿಯ ಉತ್ತರವನ್ನು ಬರಹದಲ್ಲಿ ಪಡೆಯಿರಿ ಎಂದೆ.

ಅತ್ತೆಯವರಿಗೆ ಏನು ಹೇಳುವುದು ಎಂಬುದು ಶಿಕ್ಷಕಿಗೆ ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆಯಾಗಿತ್ತು. ಊರಿಗೆಲ್ಲ ಹೇಳಬೇಕಿಲ್ಲ, ಆದರೆ ಒಲೆಯ ಮುಂದೆ ಜೊತೆಗಿರುವವರಿಗೆ ಹೇಳದೆ ಸಾಗದು ಎಂದೆ. ಗಂಡನೇ ತಾಯಿಗೆ ತಿಳಿಸಲು ಒಪ್ಪಿದರು. ಆಕೆ ಕೇಳಿ, "ಮೊದ್ಲೇ ಹೇಳಿದ್ರೆ ನಾನೇ ಗಂಜಿ ಕಾಯಿಸ್ಕೊಡ್ತಿರ್ನಿಲ್ವಾ" ಎಂದರಂತೆ. ಬೀಗರೂಟಗಳಲ್ಲಿ ಹೊಟ್ಟೆಯ ಆಪರೇಷನ್ ಆಗಿದೆ, ಸ್ವಲ್ಪವೇ ಬಡಿಸಿ ಎಂದು ಹೇಳಿದರೆ ಸಾಕು, ಅದು ಸುಳ್ಳೂ ಅಲ್ಲ. ಸಂಜೆಯ ಅರ್ಧ ಗಂಟೆಗೆ ಅತ್ತೆಯ ಜೊತೆ ತೋಟದ ಕಡೆ ನಡೆದು ಬರುವ ಏರ್ಪಾಡಾಯಿತು. ವಾರದಲ್ಲಿ ಎರಡು ಮೂರು ದಿನವಾದರೂ ಅದು ನಡೆಯುತ್ತಿದೆ.

ಲ್ಯಾಪರೋಸ್ಕೋಪಿಯಿಂದ, ಅಂದರೆ ಸಣ್ಣ ರಂಧ್ರಗಳ ಮೂಲಕ, ಬ್ಯಾಂಡ್ ಮತ್ತು ಪೋರ್ಟ್ ಎರಡನ್ನೂ ತೆಗೆದಾಗಿದೆ. ಅದು ಜಠರವನ್ನು ಕೊರೆದಿರಲಿಲ್ಲ. ಪೋಷಕಾಂಶದ ಕೊರತೆ ತುಂಬಿಕೊಳ್ಳಲೆಂದು ಸರ್ಜನ್ ಬೈಪಾಸನ್ನು ಮುಂದೂಡಿದರು. ಈ ನಡುವೆ ತೂಕ ನಾಲ್ಕು ಕಿಲೋ ಏರಿದಾಗ ಶಿಕ್ಷಕಿ ಗಾಬರಿಯಾಗಿ ಫೋನ್ ಮಾಡಿದ್ದರು. ಆಹಾರತಜ್ಞೆಯ ಭೇಟಿಯನ್ನು ಹಿಂದಕ್ಕೆ ಹಾಕದಂತೆ ಹೇಳಿದೆ, ಹೋಗಿಬಂದರು. ಎರಡನೆಯ ಹಂತಕ್ಕೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ನಂತರದ ದಿನವನ್ನು ತಾವೇ ಕೇಳಿ ಪಡೆದಿದ್ದಾರೆ. ಅದಕ್ಕೆ ಮುನ್ನ ಸಕ್ಕರೆ, ಬಿ12 ಮತ್ತು ಕಬ್ಬಿಣದ ವರದಿಗಳನ್ನು ಸರ್ಜನ್‌ಗೆ ತೋರಿಸಬೇಕಿದೆ, ದಂಪತಿ ಇಬ್ಬರೂ ಇನ್ನೊಮ್ಮೆ ನನ್ನ ಬಳಿ ಬರಬೇಕಿದೆ.