ಟಿಕೆಟ್ ಕೌಂಟರ್: ಹೊರಡುವ ಮುಂಚೆ ಗಂಟೆ ಎಣಿಸಿ

ವಿಜಯಪುರದ ಗಾಂಧಿ ಚೌಕದ ಹತ್ತಿರ ನನ್ನ ಟಿಕೆಟ್ ಬುಕಿಂಗ್ ಆಫೀಸು. ಮೊದಲೆಲ್ಲ ಜನ ಬಂದು ಕೂರುವ ಮುಂಚೆಯೇ 'ರೇಟ್ ಎಷ್ಟು?' ಎನ್ನುತ್ತಿದ್ದರು. ಕೊರೊನಾ ಬಂದ ಮೇಲೆ 'ಒಳಗೆ ಬಿಡ್ತಾರಾ?' ಎನ್ನತೊಡಗಿದರು. ಈ ಸಲ ಬಂದ ಪತ್ರಗಳೂ ಹೆಚ್ಚುಕಡಿಮೆ ಅದನ್ನೇ ಕೇಳಿವೆ. ಇದು 2022ರ ಜನವರಿ ಮಧ್ಯದಲ್ಲಿ ಬರೆದದ್ದು, ಇಲ್ಲಿರುವ ನಿಯಮಗಳೆಲ್ಲ ಆಗಿನವು. ಇವು ರಾತ್ರೋರಾತ್ರಿ ಬದಲಾಗುತ್ತವೆ. ಹೊರಡುವ ಹಿಂದಿನ ದಿನ ಏರ್‌ಲೈನ್ಸ್‌ನ ವೆಬ್‌ಸೈಟ್ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಮೇಡಂ, ನನ್ನ ತಮ್ಮ ದುಬೈನಲ್ಲಿ ಎಲೆಕ್ಟ್ರಿಷಿಯನ್. ಮದುವೆಗೆ ಅಂತ ಊರಿಗೆ ಬಂದವನು ವಾಪಸ್ ಹೋಗಬೇಕು. ಬೆಂಗಳೂರಿನಿಂದ ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ವಿಮಾನ. ಶನಿವಾರ, ರವಿವಾರ ಕರ್ಫ್ಯೂ ಇದೆಯಲ್ಲ, ಅದಕ್ಕೆ ಶುಕ್ರವಾರವೇ ವಿಜಯಪುರದಲ್ಲಿ ಕೊರೊನಾ ಟೆಸ್ಟ್ ಮಾಡಿಸಿಕೊಂಡು ಹೊರಟರೆ ಸಾಕಲ್ವಾ?
— ಓದುಗರು, ಬಸವನ ಬಾಗೇವಾಡಿ

ಉತ್ತರ: ಸಾಕಾಗಲ್ಲ. ದುಬೈಗೆ ಬೇಕಾದದ್ದು ವಿಮಾನ ಹೊರಡುವ ಹೊತ್ತಿಗೆ 48 ಗಂಟೆ ಮೀರದ ಆರ್‌ಟಿ-ಪಿಸಿಆರ್ ರಿಪೋರ್ಟ್. ಗಂಟೆ ಎಣಿಸುವುದು ಗಂಟಲ ದ್ರವ ಕೊಟ್ಟ ಹೊತ್ತಿನಿಂದ, ರಿಪೋರ್ಟ್ ಕೈಗೆ ಬಂದ ಹೊತ್ತಿನಿಂದ ಅಲ್ಲ. ಸೋಮವಾರ ನಾಲ್ಕರಿಂದ ಹಿಂದಕ್ಕೆ ಎಣಿಸಿ. ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ಮೊದಲು ಕೊಟ್ಟ ಸ್ಯಾಂಪಲ್ ಉಪಯೋಗಕ್ಕೆ ಬರುವುದಿಲ್ಲ.

ಹೋದ ತಿಂಗಳು ತಾಳಿಕೋಟೆಯ ಹುಡುಗನೊಬ್ಬನನ್ನು ಚೆಕ್-ಇನ್ ಕೌಂಟರಿನಲ್ಲೇ ನಿಲ್ಲಿಸಿದರು. 'ನೆಗೆಟಿವ್' ಎಂದು ದಪ್ಪಕ್ಷರದಲ್ಲಿ ಇದ್ದದ್ದನ್ನು ಕೌಂಟರಿನವರು ನೋಡಲೇ ಇಲ್ಲವಂತೆ. ಬೆರಳಿಟ್ಟದ್ದು ಕೆಳಗೆ ಸಣ್ಣಗೆ ಇದ್ದ ಸ್ಯಾಂಪಲ್ ಕೊಟ್ಟ ಟೈಮಿನ ಮೇಲೆ. 51 ಗಂಟೆ ಆಗಿತ್ತು. ಹಿಂದೆ ನಿಂತವರೆಲ್ಲ ಮುಂದೆ ಹೋದರು. ಇವನು ಟ್ರಾಲಿ ಪಕ್ಕಕ್ಕೆ ಸರಿಸಿಕೊಂಡು ನನಗೆ ಫೋನ್ ಮಾಡಿದ. ಆ ಹೊತ್ತಿನಲ್ಲಿ ನಾನಾದರೂ ಏನು ಮಾಡಲಿ?

ಈ 48 ಗಂಟೆ, 72 ಗಂಟೆಯ ಲೆಕ್ಕವನ್ನು ವಿಮಾನ ನಿಲ್ದಾಣದ ಪಕ್ಕದ ಓಣಿಯಲ್ಲಿ ಇರುವವರು ಮಾಡಿರಬೇಕು. ನಮಗೆ ಬೆಂಗಳೂರು ಐನೂರು ಕಿಲೋಮೀಟರಿಗೂ ಜಾಸ್ತಿ. ಒಂದು ರಾತ್ರಿ ದಾರಿಯಲ್ಲೇ ಕಳೆಯುತ್ತದೆ. ನಮ್ಮೂರ ಹತ್ತಿರದ ಬುರಣಾಪುರದ ವಿಮಾನ ನಿಲ್ದಾಣದ ಕೆಲಸ ಇನ್ನೂ ನಡೆದಿದೆ, ಅದು ಮುಗಿದರೂ ದುಬೈಗೆ ನೇರ ವಿಮಾನ ಬರುತ್ತದೆ ಅಂತ ನಾನಂತೂ ಕಾಯುವುದಿಲ್ಲ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ: ಮೊದಲು ಊರು ಬಿಡಿ, ಆಮೇಲೆ ಟೆಸ್ಟ್.

ನಿಮ್ಮ ತಮ್ಮ ಶುಕ್ರವಾರ ಸಂಜೆಯೇ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಲಿ. ಶನಿವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಚಹಾ ಕುಡಿದು, ನೇರ ಲ್ಯಾಬಿಗೆ ಹೋಗಲಿ. ಕ್ಯೂಆರ್ ಕೋಡ್ ಇರುವ ರಿಪೋರ್ಟೇ ಬೇಕು ಅಂತ ಸ್ಯಾಂಪಲ್ ಕೊಡುವಾಗಲೇ ಹೇಳಲಿ. ಕರ್ಫ್ಯೂ ಇದ್ದರೂ ರೈಲು, ವಿಮಾನದ ಟಿಕೆಟ್ ತೋರಿಸಿದರೆ ಬಿಡುತ್ತಾರೆ. ಟಿಕೆಟ್ ಪ್ರಿಂಟ್ ಕೈಯಲ್ಲಿರಲಿ. ಮೊಬೈಲ್ ಚಾರ್ಜ್ ಯಾವಾಗ ಕೈಕೊಡುತ್ತದೆ ಹೇಳಕ್ಕಾಗಲ್ಲ.

ಟೆಸ್ಟ್ ಅಷ್ಟಕ್ಕೇ ಮುಗಿಯಲ್ಲ. ವಿಮಾನ ಹೊರಡುವ ಮುಂಚಿನ ಆರು ಗಂಟೆಯೊಳಗೆ ಏರ್‌ಪೋರ್ಟಿನಲ್ಲೇ ಇನ್ನೊಂದು ರ‍್ಯಾಪಿಡ್ ಪಿಸಿಆರ್ ಇದೆ. ರವಿವಾರ ರಾತ್ರಿ ಹತ್ತಕ್ಕೆ ಅಲ್ಲಿರಬೇಕು. ಎಂಟಕ್ಕೇ ಹೋಗಿ ಕೊಟ್ಟರೆ ಅದೂ ಹಳೆಯದಾಗುತ್ತದೆ, ಹನ್ನೆರಡಕ್ಕೆ ಹೋದರೆ ಕ್ಯೂ ಉದ್ದ ಇರುತ್ತದೆ. ಇದರ ಖರ್ಚು ಬೇರೆ, ಟಿಕೆಟ್ಟಿನಲ್ಲಿ ಸೇರಿರುವುದಿಲ್ಲ. ದುಬೈಗೆ ಇಳಿದ ಮೇಲೆ ಮೂರನೆಯದು. ಅದರ ಫಲಿತಾಂಶ ಬರುವ ತನಕ ರೂಮಿನಲ್ಲೇ ಇರಬೇಕು, ಕೆಲಸಕ್ಕೆ ಹೋಗುವ ಹಾಗಿಲ್ಲ. ಮಾಲೀಕರಿಗೆ ಮೊದಲೇ ತಿಳಿಸಿಬಿಡಲಿ.

ಇನ್ನೊಂದು ಮಾತು. ಅವನ ವೀಸಾ ದುಬೈಯದ್ದಾದರೆ ಅಲ್ಲಿನ ವಲಸೆ ಇಲಾಖೆ ಜಿಡಿಆರ್‌ಎಫ್‌ಎ ಅನುಮತಿ ಬೇಕು. ಅದನ್ನು ಟಿಕೆಟ್ ತೆಗೆಸುವ ಮುಂಚೆಯೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಿ.

ಪ್ರಶ್ನೆ: ಮಗಳು ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದಾಳೆ. ಪಾಸ್‌ಪೋರ್ಟಿನಲ್ಲಿ ಅವಳ ಹೆಸರು, ಅಡ್ಡಹೆಸರು ಅಷ್ಟೇ ಇದೆ. ಲಸಿಕೆ ಸರ್ಟಿಫಿಕೇಟಿನಲ್ಲಿ ನಡುವೆ ನನ್ನ ಹೆಸರೂ ಸೇರಿದೆ. ಹುಟ್ಟಿದ ತಾರೀಕು ಇಲ್ಲ, ವಯಸ್ಸು ಮಾತ್ರ ಇದೆ. ಲಸಿಕೆ ಕೋವ್ಯಾಕ್ಸಿನ್. ತೊಂದರೆ ಆಗುತ್ತಾ?
— ಓದುಗರು, ಜಮಖಂಡಿ

ಉತ್ತರ: ಕೋವ್ಯಾಕ್ಸಿನ್ ಚಿಂತೆ ಬಿಡಿ. ವಿಶ್ವ ಆರೋಗ್ಯ ಸಂಸ್ಥೆ 2021ರ ನವೆಂಬರ್ 3ರಂದು ಅದನ್ನು ತುರ್ತು ಬಳಕೆಯ ಲಸಿಕೆಗಳ ಪಟ್ಟಿಗೆ ಸೇರಿಸಿತು, ಆ ಪಟ್ಟಿಯಲ್ಲಿರುವ ಲಸಿಕೆಗಳನ್ನು ಅಮೆರಿಕ ಒಪ್ಪುತ್ತದೆ. ಹೆಸರಿನದ್ದೇ ನಿಜವಾದ ತಲೆನೋವು. ನಮ್ಮ ಕಡೆ ಆಧಾರಿನಲ್ಲಿ ಅಪ್ಪನ ಹೆಸರು ನಡುವೆ ಬರುತ್ತದೆ, ಶಾಲೆ ದಾಖಲೆಯಲ್ಲಿ ಅಡ್ಡಹೆಸರು ಮುಂದೆ ಬರುತ್ತದೆ. ಕಲ್ಲಪ್ಪನ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು ಕಡೆ ಒಂದು ಎಲ್, ಇನ್ನೊಂದು ಕಡೆ ಎರಡು. ಹುಟ್ಟಿದ ದಿನ ಅಂತೂ ಅರ್ಧ ಜಿಲ್ಲೆಗೆ ಜೂನ್ 1. ಊರಲ್ಲಿ ಇದ್ಯಾವುದೂ ಯಾರಿಗೂ ಅಡ್ಡ ಬರಲಿಲ್ಲ. ಈಗ ಬರುತ್ತಿದೆ.

ಕೋವಿನ್ ಪೋರ್ಟಲಿಗೆ ಲಸಿಕೆ ಹಾಕಿಸಿದಾಗ ಕೊಟ್ಟ ಮೊಬೈಲ್ ನಂಬರಿನಿಂದ ಲಾಗಿನ್ ಆಗಿ. 'ರೈಸ್ ಆ್ಯನ್ ಇಶ್ಯೂ' ಅಂತ ಇರುತ್ತದೆ. ಅಲ್ಲಿ ಮೊದಲು ಹೆಸರು ತಿದ್ದಿ, ಆಮೇಲೆ ಪಾಸ್‌ಪೋರ್ಟ್ ನಂಬರ್ ಸೇರಿಸಿ. ಹೆಸರು ತಿದ್ದಲು ಸಿಗುವುದು ಒಂದೇ ಅವಕಾಶ. ಅದಕ್ಕೇ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡಿ. ನೆನಪಿನಿಂದ ಬೇಡ, ಸೈಬರ್ ಸೆಂಟರಿನ ಹುಡುಗನ ಕೈಗೆ ಬಿಡುವುದಂತೂ ಬೇಡವೇ ಬೇಡ. ಇದಾದ ಮೇಲೆ ವಿದೇಶ ಪ್ರಯಾಣದ ಸರ್ಟಿಫಿಕೇಟ್ ಬೇರೆಯಾಗಿ ಡೌನ್‌ಲೋಡ್ ಮಾಡಿ. ಅದರಲ್ಲಿ ಹುಟ್ಟಿದ ತಾರೀಕು ಪೂರ್ತಿ ಬರುತ್ತದೆ.

ಅಮೆರಿಕಕ್ಕೆ ಟೆಸ್ಟ್ ಹೊರಡುವ ಹಿಂದಿನ ದಿನದ್ದು, ಇಲ್ಲವೇ ಅದೇ ದಿನದ್ದು ಆಗಬೇಕು. ಮೇಲಿನ ಉತ್ತರ ಓದಿದ್ದೀರಲ್ಲ, ಜಮಖಂಡಿಯಲ್ಲಿ ಮಾಡಿಸಬೇಡಿ.

ಪ್ರಶ್ನೆ: ಮಗಳು, ನಾಲ್ಕು ವರ್ಷದ ಮೊಮ್ಮಗ ಲಂಡನ್ನಿನಿಂದ ಬರುತ್ತಿದ್ದಾರೆ. ಬೆಂಗಳೂರಿಗೆ ಇಳಿದು, ಎರಡು ಗಂಟೆಯ ಅಂತರದಲ್ಲಿ ಬೆಳಗಾವಿ ವಿಮಾನ ಹಿಡಿಯುವ ಯೋಚನೆ. ಮಗುವಿಗೂ ಟೆಸ್ಟ್ ಮಾಡ್ತಾರಾ? ಮೊಮ್ಮಗನನ್ನು ನೋಡಿ ಎರಡು ವರ್ಷ ಆಯಿತು.
— ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಐದು ವರ್ಷದೊಳಗಿನ ಮಕ್ಕಳಿಗೆ ಹೊರಡುವ ಮುಂಚೆಯೂ ಇಲ್ಲ, ಇಳಿದ ಮೇಲೂ ಇಲ್ಲ. ಜ್ವರ, ಕೆಮ್ಮು ಕಂಡರೆ ಮಾತ್ರ ಮಾಡುತ್ತಾರೆ.

ಆದರೆ ಆ ಎರಡು ಗಂಟೆಯ ಅಂತರ ನಡೆಯಲ್ಲ. 2022ರ ಜನವರಿಯಲ್ಲಿ ಬ್ರಿಟನ್ ನಮ್ಮ ಸರ್ಕಾರದ 'ಅಪಾಯದ ದೇಶ'ಗಳ ಪಟ್ಟಿಯಲ್ಲಿದೆ. ಮಗಳು ಅಲ್ಲಿಂದ ಹೊರಡುವಾಗ 72 ಗಂಟೆಯೊಳಗಿನ ನೆಗೆಟಿವ್ ರಿಪೋರ್ಟನ್ನು ಏರ್ ಸುವಿಧಾ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ಹಾಕಿರಬೇಕು. ಬೆಂಗಳೂರಿನಲ್ಲಿ ಇಳಿದ ಮೇಲೆ ಮತ್ತೆ ಟೆಸ್ಟ್ ಕೊಟ್ಟು, ಫಲಿತಾಂಶ ಬರುವವರೆಗೆ ಅಲ್ಲೇ ಕೂರಬೇಕು. ಮಾಮೂಲಿ ಟೆಸ್ಟಾದರೆ ಕೆಲವು ಗಂಟೆ ಹಿಡಿಯುತ್ತದೆ. ರ‍್ಯಾಪಿಡ್ ಬೇಗ ಬರುತ್ತದೆ, ದುಡ್ಡು ಜಾಸ್ತಿ. ಮಗು ಜೊತೆಗಿದೆ, ದುಡ್ಡು ಹೋದರೆ ಹೋಗಲಿ ಅನ್ನುವುದು ನನ್ನ ಅಭಿಪ್ರಾಯ. ಟೆಸ್ಟನ್ನು ಮೊದಲೇ ಬುಕ್ ಮಾಡಿ, ಬೆಳಗಾವಿ ವಿಮಾನವನ್ನು ಮರುದಿನಕ್ಕೆ ಇಟ್ಟುಕೊಳ್ಳಿ.

ಮುಂಬೈಗೆ ಇಳಿದು ಕಾರಿನಲ್ಲಿ ಬಂದರಾಯಿತು ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ನಿಪ್ಪಾಣಿ ಹತ್ತಿರ ಕೊಗನೊಳ್ಳಿಯಲ್ಲಿ ಚೆಕ್‌ಪೋಸ್ಟ್ ಇದೆ, ಮಹಾರಾಷ್ಟ್ರದಿಂದ ಬರುವವರ ರಿಪೋರ್ಟ್ ನೋಡುತ್ತಾರೆ. ನಮ್ಮ ಕಡೆ ಸೊಲ್ಲಾಪುರದಿಂದ ಬರುವವರಿಗೆ ಧೂಳಖೇಡದಲ್ಲೂ ಇದೇ ಕಥೆ. ಹತ್ತು ಗಂಟೆ ಕೂತು ಬಂದ ಮಗುವನ್ನು ಮತ್ತೆ ಹತ್ತು ಗಂಟೆ ಕಾರಿನಲ್ಲಿ ಕೂರಿಸುವುದೇ ಒಂದು ಶಿಕ್ಷೆ.

ಮನೆಗೆ ಬಂದ ಮೇಲೆ ಏಳು ದಿನ ಹೋಂ ಕ್ವಾರಂಟೈನ್, ಎಂಟನೇ ದಿನ ಮಗಳಿಗೆ ಇನ್ನೊಂದು ಟೆಸ್ಟ್. 2022ರ ಜನವರಿ 11ರಿಂದ ಇದು ಹೊರದೇಶದಿಂದ ಬರುವ ಎಲ್ಲರಿಗೂ ಇದೆ. ಮೊಮ್ಮಗನನ್ನು ಎತ್ತಿಕೊಳ್ಳಬಹುದಾ ಅಂತ ನೀವು ಕೇಳಿಲ್ಲ, ಕೇಳಬೇಕು ಅನಿಸಿದೆ ಅಂತ ನನಗೆ ಗೊತ್ತು. ಅವರಿಬ್ಬರಿಗೂ ಮೇಲಿನ ಕೋಣೆ ಬಿಟ್ಟುಕೊಡಿ. ಏಳು ದಿನ ಕೆಳಗಿನಿಂದಲೇ ಮಾತಾಡಿಸಿ.

ಪ್ರಶ್ನೆ: ಅಪ್ಪ, ಅಮ್ಮನ ಮೆಕ್ಕಾದ ಉಮ್ರಾ ಯಾತ್ರೆಗೆ ಅಂತ 2020ರ ಜನವರಿಯಲ್ಲಿ ಏಜೆಂಟರ ಹತ್ತಿರ ದುಡ್ಡು ಕಟ್ಟಿದ್ದೆ. ಏಪ್ರಿಲ್‌ನಲ್ಲಿ ಹೋಗಬೇಕಿತ್ತು. ಟಿಕೆಟ್ ಭಾರತದ ಏರ್‌ಲೈನ್ಸ್‌ನದೇ. ಕೇಳಿದಾಗಲೆಲ್ಲ 'ಕ್ರೆಡಿಟ್ ಇದೆ, ಮುಂದೆ ಹೋಗಬಹುದು' ಅಂತಾರೆ. ನಮ್ಮ ದುಡ್ಡು ಮುಳುಗಿತಾ?
— ಓದುಗರು, ವಿಜಯಪುರ

ಉತ್ತರ: ಮುಳುಗಿಲ್ಲ. ಸೌದಿ 2020ರ ಫೆಬ್ರವರಿ 27ಕ್ಕೇ ಹೊರದೇಶದವರ ಉಮ್ರಾ ನಿಲ್ಲಿಸಿತು. ಮಾರ್ಚ್ 23ರಿಂದ ನಮ್ಮ ದೇಶದ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳೂ ನಿಂತವು. ಲಾಕ್‌ಡೌನ್‌ನಲ್ಲಿ ರದ್ದಾದ ಇಂಥ ಟಿಕೆಟ್‌ಗಳ ಬಗ್ಗೆ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ಆದೇಶ ಕೊಟ್ಟಿದೆ. ದುಡ್ಡು ಕೊಡಲಾಗದ ಏರ್‌ಲೈನ್ಸ್ ಅದನ್ನು ಕ್ರೆಡಿಟ್ ಆಗಿ ಇಟ್ಟುಕೊಳ್ಳಬಹುದಿತ್ತು, ಆದರೆ 2021ರ ಮಾರ್ಚ್ 31ರ ತನಕ ಮಾತ್ರ. ಬಳಸದೆ ಉಳಿದದ್ದನ್ನು ವಾಪಸ್ ಕೊಡಲೇಬೇಕು. ಆ ಗಡುವು ಮುಗಿದು ಒಂಬತ್ತು ತಿಂಗಳ ಮೇಲಾಯಿತು.

ಏಜೆಂಟರ ಮೂಲಕ ತೆಗೆಸಿದ ಟಿಕೆಟ್ಟಿನ ದುಡ್ಡು ಏಜೆಂಟರ ಖಾತೆಗೇ ಬರುತ್ತದೆ. ಇದೇ ಕೆಲಸ ಮಾಡುವವಳಾಗಿ ಹೇಳುತ್ತೇನೆ, ಅಲ್ಲೇ ಕೂತುಬಿಡುವುದೂ ಉಂಟು. ಪಿಎನ್‌ಆರ್ ನಂಬರ್ ಇಸಿದುಕೊಂಡು ಏರ್‌ಲೈನ್ಸಿಗೆ ಇಮೇಲ್ ಮಾಡಿ, 'ಯಾವ ತಾರೀಕಿಗೆ ಯಾರ ಖಾತೆಗೆ ಹಾಕಿದ್ದೀರಿ' ಅಂತ ಅಷ್ಟೇ ಕೇಳಿ. ಉತ್ತರದ ಪ್ರಿಂಟ್ ತೆಗೆದುಕೊಂಡು ಏಜೆಂಟರ ಹತ್ತಿರ ಹೋಗಿ. ವೀಸಾ, ಹೋಟೆಲಿನ ದುಡ್ಡು ಈ ಆದೇಶದಲ್ಲಿ ಬರುವುದಿಲ್ಲ, ಅದರ ಲೆಕ್ಕ ಬೇರೆ ಕೇಳಿ. ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ದುಡ್ಡು ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಎರಡು ವರ್ಷದ ಮಿತಿ ಇದೆ, ಇನ್ನು ತಡ ಮಾಡಬೇಡಿ.

ಪ್ರಶ್ನೆ: ವಿಮಾನದಲ್ಲಿ ಮಾಸ್ಕ್ ತೆಗೆದು ಊಟ ಮಾಡಲು ಅಮ್ಮನಿಗೆ ಹೆದರಿಕೆ. ರೊಟ್ಟಿ ಕಟ್ಟಿಕೊಂಡು ಹೋಗಬಹುದಾ?
— ಓದುಗರು, ಮುಧೋಳ

ಉತ್ತರ: ಧಾರಾಳವಾಗಿ. ಕಡಕ್ ರೊಟ್ಟಿ ಕೈಚೀಲದಲ್ಲೇ ಇರಲಿ. ಶೇಂಗಾ ಹಿಂಡಿ, ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ ಹಾಕಿ, ಎಣ್ಣೆ ಇರುವುದನ್ನು ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಪಕ್ಕದವರು ಉಂಡು ಮಾಸ್ಕ್ ಹಾಕಿಕೊಂಡ ಮೇಲೆ ಅಮ್ಮ ಡಬ್ಬಿ ತೆಗೆಯಲಿ.