ಬೆನ್ನು ತಿರುಗಿಸಿ ನಿಂತ ಚಿತ್ರಗಾರ್ತಿ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಚಿತ್ರಗಾರ್ತಿ ಲಾರಾ ನೈಟ್ 1913ರಲ್ಲಿ ಬರೆದ ತಮ್ಮದೇ ಚಿತ್ರವನ್ನು ಹಾಕಿದ್ದೀರಿ. ಅದರಲ್ಲಿ ಬಟ್ಟೆಯಿಲ್ಲದ ಹೆಂಗಸೊಬ್ಬಳು ನಿಂತಿದ್ದಾಳೆ. ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ಇದು ಬೇಕಿತ್ತೇ? ಅವರ ಕಡಲ ಚಿತ್ರಗಳು ಸಾಕಿತ್ತಲ್ಲವೇ? ನನ್ನ ಮಗಳೂ ಚಿತ್ರಕಲೆ ಕಲಿಯುತ್ತಿದ್ದಾಳೆ, ಅದಕ್ಕೇ ಕೇಳುತ್ತಿದ್ದೇನೆ.

ಸಂಪಾದಕರ ಉತ್ತರ: ನಿಮ್ಮ ಮುಜುಗರ ನನಗೆ ಅರ್ಥವಾಗುತ್ತದೆ. ಆದರೆ ಆ ಚಿತ್ರವನ್ನು ಸುಮ್ನೆ ಹಾಕಿದ್ದಲ್ಲ.

ಲಾರಾ ನಾಟಿಂಗ್‌ಹ್ಯಾಮ್‌ನ ಕಲಾಶಾಲೆಗೆ ಸೇರಿದಾಗ ಅವರಿಗೆ 13 ವರ್ಷ. ಅಲ್ಲಿ ಹುಡುಗರು ಜೀವಂತ ರೂಪದರ್ಶಿಯನ್ನು ನೋಡಿ ಬರೆಯುತ್ತಿದ್ದರು. ಹುಡುಗಿಯರಿಗೆ ಪ್ಲಾಸ್ಟರ್ ಪ್ರತಿಮೆಗಳೇ ಗತಿ. ಮೈಕಟ್ಟು ನೋಡದೆ ಮನುಷ್ಯರನ್ನು ಬರೆಯೋದು ಹೇಗೆ ಹೇಳಿ? ಇದು ಹಳೆಯ ಕಟ್ಟುಪಾಡು. ಲಂಡನ್ನಿನ ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿ 1768ರಲ್ಲಿ ಶುರುವಾದಾಗ ಸ್ಥಾಪಕ ಸದಸ್ಯರಲ್ಲಿ ಇಬ್ಬರು ಹೆಂಗಸರಿದ್ದರು, ಆಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್. ಜೋಹಾನ್ ಜೊಫಾನಿ ಆ ಸದಸ್ಯರ ಗುಂಪುಚಿತ್ರ ಬರೆದಾಗ ಗಂಡಸರೆಲ್ಲ ಬಟ್ಟೆಯಿಲ್ಲದ ರೂಪದರ್ಶಿಯ ಸುತ್ತ ಸೇರಿದ್ದಾರೆ. ಈ ಇಬ್ಬರು ಮಾತ್ರ ಗೋಡೆಯ ಮೇಲೆ ತೂಗುಹಾಕಿದ ಪಟಗಳಾಗಿದ್ದಾರೆ!

ಈಗ ಲಾರಾ ಅವರ ಚಿತ್ರವನ್ನು ಇನ್ನೊಮ್ಮೆ ನೋಡಿ. ಕೆಂಪು ಸ್ವೆಟರ್, ತಲೆಗೆ ಹ್ಯಾಟು, ಕೈಯಲ್ಲಿ ಕುಂಚ. ನಮಗೆ ಬೆನ್ನು ಹಾಕಿ ನಿಂತು ರೂಪದರ್ಶಿಯನ್ನು ದಿಟ್ಟಿಸುತ್ತಿದ್ದಾರೆ. ರೂಪದರ್ಶಿ ಅವರ ಗೆಳತಿ ಎಲಾ ನೇಪರ್, ಆಕೆಯೂ ಕಲಾವಿದೆ, ಒಡವೆ ಮಾಡುವವರು. ಶಾಲೆಯಲ್ಲಿ ಯಾವುದನ್ನು ನೋಡಬಾರದು ಅಂದಿದ್ದರೋ ಅದನ್ನೇ ನೋಡುತ್ತಿರುವ ತಮ್ಮನ್ನು ಲಾರಾ ಬರೆದುಕೊಂಡರು. ಆಗ ವಿಮರ್ಶಕರೊಬ್ಬರು ಇದನ್ನು ಅಸಭ್ಯ ಅಂದರು. ಇವತ್ತು ಇದು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲಿದೆ. ಇದನ್ನು ಬಿಟ್ಟು ಬರೀ ಕಡಲ ಚಿತ್ರ ಹಾಕಿದ್ದರೆ ಅವರ ಕಥೆಯ ಅರ್ಧವನ್ನೇ ಹೇಳಿದಂತಾಗುತ್ತಿತ್ತು, ಅಲ್ವಾ?

ಆ ಸ್ಥಾಪಕಿಯರ ನಂತರ ಅಕಾಡೆಮಿಯ ಪೂರ್ಣ ಸದಸ್ಯತ್ವಕ್ಕೆ ಆಯ್ಕೆಯಾದ ಮೊದಲ ಹೆಂಗಸು ಲಾರಾ, 1936ರಲ್ಲಿ. ನಡುವೆ 168 ವರ್ಷ ಕಳೆದಿತ್ತು.

ಸರ್ಕಸ್ಸಿನವರು, ಬ್ಯಾಲೆ ಕುಣಿಯುವವರು, ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯ ಕಟಕಟೆ, ಎಲ್ಲವನ್ನೂ ಅವರು ಎದುರಿಗೆ ಕೂತು ನೋಡಿ ಬರೆದರು. ನನಗೆ ಜಾಸ್ತಿ ಇಷ್ಟವಾದದ್ದು 1943ರ ರೂಬಿ ಲಾಫ್ಟಸ್ ಚಿತ್ರ. ಫಿರಂಗಿ ಕಾರ್ಖಾನೆಯಲ್ಲಿ ಯುವತಿಯೊಬ್ಬಳು ಯಂತ್ರದ ಮೇಲೆ ಬಗ್ಗಿ ಕೆಲಸದಲ್ಲಿ ಮುಳುಗಿದ್ದಾಳೆ. ಅದನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿ ಪುಟಕ್ಕೆ ಹಾಕುತ್ತೇವೆ. ಎರಡೂ ಚಿತ್ರಗಳನ್ನು ಮಗಳ ಜೊತೆ ಕೂತು ನೋಡಿ. ಅವಳು ಏನಂದಳು ಅಂತ ನಮಗೆ ಬರೆಯಿರಿ.