ನಾಲ್ಕು ವಾರ ವಿಯೆನ್ನಾಗೆ ಕಳಿಸಬೇಕಾ?

ದಾವಣಗೆರೆಯ ಓದುಗರೊಬ್ಬರ ಪತ್ರ: "ಮಗಳಿಗೆ ಇಪ್ಪತ್ತು ವರ್ಷ. ಚಿಕ್ಕಂದಿನಿಂದ ಭರತನಾಟ್ಯ ಕಲಿತಿದ್ದಾಳೆ. ಈಗ ಕಂಟೆಂಪರರಿ ಡಾನ್ಸ್ ಕಲಿಯಲು ಬೇಸಿಗೆಯಲ್ಲಿ ವಿಯೆನ್ನಾಗೆ ಹೋಗಬೇಕಂತೆ. ನಾಲ್ಕು ವಾರಕ್ಕೆ ಅಷ್ಟು ದುಡ್ಡು ಸುರಿಯುವುದು ಸರಿಯಾ? ಕಲಿತ ಭರತನಾಟ್ಯ ಕೆಡಲ್ವಾ?"

ಸಂಪಾದಕರ ಉತ್ತರ:

ಎರಡನೇ ಪ್ರಶ್ನೆ ಮೊದಲು. ಭರತನಾಟ್ಯ ಕೆಡುವುದಿಲ್ಲ. ಮೊದಲ ವಾರ ಮಾತ್ರ ಕೆಟ್ಟೇಹೋಯಿತು ಅನ್ನಿಸಬಹುದು. ಅವಳ ಮೈ ಪಳಗಿದ್ದು ಮಂಡಿ ಅರ್ಧ ಬಗ್ಗಿಸಿ ನಿಲ್ಲುವ ಅರಮಂಡಿಯಲ್ಲಿ, ಬೆನ್ನು ನೆಟ್ಟಗಿಟ್ಟುಕೊಂಡು. ಅಲ್ಲಿ ಬೆಳಗಿನ ಕ್ಲಾಸಿನಲ್ಲೇ ನೆಲದ ಮೇಲೆ ಉರುಳಿಸುತ್ತಾರೆ. ತಲೆಯ ಭಾರ ಬಿಟ್ಟುಬಿಡು ಅನ್ನುತ್ತಾರೆ. ವರ್ಷಗಟ್ಟಲೆ ಎತ್ತಿ ಹಿಡಿದ ಕತ್ತು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಮಂಡಿ, ಭುಜ ನೀಲಿಗಟ್ಟುತ್ತವೆ. ಮಂಡಿಚಿಪ್ಪಿನ ಮೇಲೆ ಬೀಳದೆ ತೊಡೆಯ ಮೇಲೆ ಜಾರಿ ಇಳಿಯುವುದು ರೂಢಿಯಾಗಲು ದಿನಗಳೇ ಬೇಕು.

ಆಮೇಲೆ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್. 1972ರಲ್ಲಿ ಅಮೆರಿಕದ ನರ್ತಕ ಸ್ಟೀವ್ ಪ್ಯಾಕ್ಸ್‌ಟನ್ ಶುರುಮಾಡಿದ್ದು. ಗುರುತಿಲ್ಲದವರ ಬೆನ್ನಿಗೆ ಬೆನ್ನು ಕೊಟ್ಟು, ಭಾರ ಹಂಚಿಕೊಂಡು ಚಲಿಸಬೇಕು. ಒಬ್ಬಳೇ ನಿಂತು ವರ್ಣ (ಭರತನಾಟ್ಯದ ದೊಡ್ಡ ನೃತ್ಯಬಂಧ) ಮಾಡಿ ಅಭ್ಯಾಸವಾದವಳಿಗೆ ಇದು ಕಷ್ಟವೇ. ಮುಜುಗರವಾದರೆ ಬೇಡ ಅನ್ನಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಇದನ್ನು ಮಗಳಿಗೆ ದಯವಿಟ್ಟು ಹೇಳಿ ಕಳಿಸಿ. ಹಳೆಯ ಕಲಿಕೆ ವ್ಯರ್ಥವಾಗುತ್ತದೆ ಅನ್ನುವ ಭಯ ಬೇಡ. ನೃತ್ಯ ಸಂಯೋಜಕಿ ಚಂದ್ರಲೇಖಾ 1985ರಲ್ಲಿ 'ಆಂಗಿಕ' ಅನ್ನುವ ಕೃತಿ ಕಟ್ಟಿದ್ದು ಭರತನಾಟ್ಯವನ್ನು ಬಿಟ್ಟಲ್ಲ. ಕೇರಳದ ಸಮರಕಲೆ ಕಳರಿಪಯಟ್ಟು, ಯೋಗ ಇವುಗಳ ಪಕ್ಕ ಅದನ್ನು ಇಟ್ಟುಕೊಂಡೇ ಕಟ್ಟಿದರು.

ಇನ್ನು ದುಡ್ಡು. ಬೇಸಿಗೆ ತರಬೇತಿಯನ್ನು ಸುಮ್ನೆ ರಜೆಯ ಕ್ಯಾಂಪ್ ಅಂದುಕೊಳ್ಳಬೇಡಿ. 1934ರಲ್ಲಿ ಅಮೆರಿಕದ ಬೆನಿಂಗ್ಟನ್ ಕಾಲೇಜಿನಲ್ಲಿ ಇಂಥದ್ದೊಂದು ಶುರುವಾಯಿತು. ಆಗಿನ ಆಧುನಿಕ ನೃತ್ಯದ ಮುಂಚೂಣಿಯವರಾದ ಮಾರ್ಥಾ ಗ್ರಹಾಂ, ಡೋರಿಸ್ ಹಂಫ್ರಿ, ಚಾರ್ಲ್ಸ್ ವೈಡ್‌ಮನ್, ಹಾನ್ಯಾ ಹೋಮ್ ಅಲ್ಲಿ ಪಾಠ ಮಾಡಿದರು. ಕಲಿಯಲು ಬಂದವರಲ್ಲಿ ಜಾಸ್ತಿ ಜನ ದೈಹಿಕ ಶಿಕ್ಷಣದ ಮೇಡಂಗಳು. ಅವರು ತಮ್ಮ ಕಾಲೇಜುಗಳಿಗೆ ಮರಳಿ ಅದನ್ನೇ ಕಲಿಸಿದರು, ಆಮೇಲೆ ಈ ನರ್ತಕರನ್ನೇ ಪ್ರದರ್ಶನಕ್ಕೆ ಕರೆಸಿದರು. ಹೊಸ ನೃತ್ಯಕ್ಕೆ ಒಂದು ನೆಲೆ ಸಿಕ್ಕಿತು. ಇಂಥ ಕಡೆ ನಿಜಕ್ಕೂ ಸಿಗುವುದು ಜನ. ಜೊತೆಗೆ ಬೆವರು ಹರಿಸಿದವರು ನಾಳೆ ಕೆಲಸಕ್ಕೆ ಕರೆಯುತ್ತಾರೆ. ಸರ್ಟಿಫಿಕೇಟಿಗೆ ಅಷ್ಟು ಬೆಲೆಯಿಲ್ಲ.

ಹಾಗಂತ ಈ ವರ್ಷವೇ ಸಾಲ ಮಾಡಿ ಕಳಿಸಬೇಡಿ. ವಿಯೆನ್ನಾದ ಇಂಪಲ್ಸ್‌ಟಾನ್ಸ್ ಅನ್ನುವ ನೃತ್ಯೋತ್ಸವ 1984ರಿಂದ ನಡೆಯುತ್ತಿದೆ. ಅಲ್ಲಿನ ಎಷ್ಟೋ ವರ್ಕ್‌ಶಾಪ್‌ಗಳಿಗೆ ಫೀಸು ಕಟ್ಟಿದರೆ ಯಾರು ಬೇಕಾದರೂ ಸೇರಬಹುದು. ಆದರೆ ಅದೇ ಉತ್ಸವ ಡಾನ್ಸ್‌ವೆಬ್ ಅನ್ನುವ ಐದು ವಾರದ ಸ್ಕಾಲರ್‌ಶಿಪ್ ಕೊಡುತ್ತದೆ. ಬೇರೆ ಬೇರೆ ದೇಶದ ಯುವ ನರ್ತಕರನ್ನು ಆರಿಸಿ ಕರೆಸಿಕೊಳ್ಳುತ್ತಾರೆ. ಅದಕ್ಕೆ ತಯಾರಾಗಲಿ ನಿಮ್ಮ ಮಗಳು. ಅಲ್ಲಿಯವರೆಗೆ ಬೆಂಗಳೂರಿನಲ್ಲಿ ಫ್ಲೋರ್‌ವರ್ಕ್, ಅಂದರೆ ನೆಲದ ಮೇಲೆ ಉರುಳುವ, ಜಾರುವ ಚಲನೆ ಕಲಿಯಲಿ. ಮೈ ಪಳಗದೆ ಇದ್ದಕ್ಕಿದ್ದಂತೆ ದಿನಕ್ಕೆ ಐದಾರು ಗಂಟೆ ಕುಣಿದರೆ ಮೊಣಕಾಲ ಕೆಳಗಿನ ಮೂಳೆ ನೋವು ಬಂದು ಅರ್ಧ ಕೋರ್ಸು ಗೋಡೆಗೊರಗಿ ನೋಡಬೇಕಾದೀತು. ತನ್ನದೇ ಐದು ನಿಮಿಷದ ಒಂದು ಕೃತಿಯನ್ನೂ ಕಟ್ಟಲಿ. ಆಯ್ಕೆ ಮಾಡುವವರಿಗೆ ಹತ್ತು ಶೈಲಿಯ ಪಟ್ಟಿಗಿಂತ ಅದು ಹೆಚ್ಚು ಹೇಳುತ್ತದೆ.

ಒಂದು ಮಾತು ನೆನಪಿರಲಿ. ಅಲ್ಲಿನ ಬೇಸಿಗೆ ಅಂದರೆ ಜುಲೈ, ಆಗಸ್ಟ್. ನಮ್ಮಲ್ಲಿ ಆಗ ಕಾಲೇಜು ಇರುತ್ತದೆ ಅಲ್ವಾ? ಹಾಜರಾತಿಯ ವಿಷಯ ಪ್ರಿನ್ಸಿಪಾಲರ ಹತ್ತಿರ ಮೊದಲೇ ಮಾತಾಡಿ. ಅಲ್ಲಿಗೆ ಬೇಕಾದ ಯುರೋಪಿನ ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಕೊನೇ ವಾರದವರೆಗೆ ಕಾಯಬೇಡಿ.